ಹೈರೂಲ್ ಕೋಟೆಗೆ ಯಾವ ಆಟದಿಂದ ಹೋಗುವುದು?

ಕಳೆದ ರಜೆಯಲ್ಲಿ ಅಕ್ಕನ ಮಗನನ್ನು ಬೇಕಲ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಹುಡುಗ ಏಳನೇ ಕ್ಲಾಸು. ಬಾಗಿಲು ದಾಟಿ ಒಳಗೆ ಬಂದವನೇ ಸುತ್ತ ನೋಡಿದ. ಹುಲ್ಲು, ಮುರಕಲ್ಲಿನ ಗೋಡೆ, ಅದರಾಚೆ ಸಮುದ್ರ. "ಮಾವ, ಅರಮನೆ ಎಲ್ಲಿ?" ಅಂತ ಕೇಳಿದ.

ಅರಮನೆ ಇಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಇದನ್ನು ಕಟ್ಟಿಸಿದ್ದು ಕಾವಲಿಗೆ, ವಾಸಕ್ಕಲ್ಲ. ಹತ್ತಿರ ಹತ್ತಿರ 40 ಎಕರೆ ಜಾಗ, ಒಳಗೆ ರಾಜ ಮಲಗುವ ಒಂದು ಕೋಣೆ ಇಲ್ಲ. ಗೋಡೆಯ ತೂತುಗಳನ್ನು ತೋರಿಸಿದೆ. ಮೇಲಿನದರಲ್ಲಿ ಇಣುಕಿದರೆ ದೂರದ ಅಲೆ ಕಾಣುತ್ತದೆ, ಕೆಳಗಿನದರಲ್ಲಿ ಗೋಡೆಯ ಬುಡದ ಬಂಡೆ. ದೂರದ ಶತ್ರುವಿಗೆ ಒಂದು, ಹತ್ತಿರ ಬಂದವನಿಗೆ ಒಂದು. ಹುಡುಗ ಎಲ್ಲದಕ್ಕೂ ಕಣ್ಣಿಟ್ಟು ನೋಡಿದ. ಆದರೂ ಅವನಿಗೆ ಅರಮನೆ ಬೇಕಿತ್ತು. ಅರಮನೆ ಬೇಕಾದರೆ ಮಾಯಿಪ್ಪಾಡಿಗೆ ಹೋಗಬೇಕು, ಅದು ಕುಂಬಳೆ ಅರಸರದ್ದು ಅಂದೆ. "ಅಲ್ಲಿ ಕೋಟೆ ಇದೆಯಾ?" ಬೇಕಲದಂಥದ್ದು ಇಲ್ಲ.

ಅವನ ತಲೆಯಲ್ಲಿದ್ದದ್ದು ಹೈರೂಲ್ ಕೋಟೆ. ಲೆಜೆಂಡ್ ಆಫ್ ಜೆಲ್ಡಾ ಎಂಬ ವಿಡಿಯೋ ಗೇಮುಗಳಲ್ಲಿ, ಹೈರೂಲ್ ಎಂಬ ರಾಜ್ಯದ ಕಥೆಗಳಲ್ಲಿ, ಮತ್ತೆ ಮತ್ತೆ ಬರುವ ಅದು ಕೋಟೆಯೂ ಹೌದು, ಅರಮನೆಯೂ ಹೌದು. ಯಾರದೋ ವಿಡಿಯೋದಲ್ಲಿ ನೋಡಿದ್ದನಂತೆ. ಭಾವ ದುಬೈಯಿಂದ ಬರುವಾಗ ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ಆಟದ ಯಂತ್ರ ತರುತ್ತಾರೆ, ಜೊತೆಗೆ ಒಂದೇ ಆಟ, ಯಾವುದು ಅಂತ ಮಾವನೇ ಹೇಳಬೇಕು. ಫೋನಿನಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಕಥೆಯ ಕೆಲವು ಗುಟ್ಟುಗಳು ಹೊರಬೀಳುತ್ತವೆ, ಕೊನೆಗಳನ್ನು ಮಾತ್ರ ಹೇಳುವುದಿಲ್ಲ.

ಈ ಆಟಗಳಿಗೆ ಹೊಸಬರಾದರೆ ಒಂದು ಮಾತು. ಇವು ಹೆಚ್ಚಾಗಿ ಒಂದರ ಮುಂದುವರಿಕೆ ಇನ್ನೊಂದಲ್ಲ. ನಮ್ಮ ಬಯಲಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಸಂಗ ಅದೇ, ಮೇಳ ಬೇರೆ, ಭಾಗವತರು ಬೇರೆ. ಲಿಂಕ್ ಎಂಬ ಹುಡುಗ ಪುಂಡುವೇಷ, ಜೆಲ್ಡಾ ರಾಜಕುಮಾರಿ, ಗ್ಯಾನನ್ ಬಣ್ಣದ ವೇಷ. ಕೋಟೆಯೂ ಹಾಗೆಯೇ. ಹೆಸರು ಅದೇ, ಹೆಚ್ಚಿನ ಸಲ ಹೊಸದಾಗಿ ಕಟ್ಟಿದ್ದು. ಹಾಗಾಗಿ ಯಾವ ಆಟ ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಆ ಕೋಟೆಯೊಳಗೆ ನೀವು ಏನಾಗಿ ಹೋಗಬೇಕು, ಕಳ್ಳನಾಗಿಯೋ ಕೈದಿಯಾಗಿಯೋ ಅಂತ ಕೇಳಿಕೊಂಡರೆ ಆರಿಸುವುದು ಸುಲಭ.

ಮೊದಲು, ಯಾವುದನ್ನು ತರಬಾರದು

ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ನಮ್ಮ ಮನೆಯಲ್ಲೇ ಎಡವಟ್ಟಾಯಿತು. ಭಾವ ನನ್ನ ಮಾತು ಅರ್ಧ ಕೇಳಿ, ಅಂಗಡಿಯಲ್ಲಿ ಚಂದ ಕಂಡ ಡಬ್ಬ ತಂದರು. ಲಿಂಕ್ಸ್ ಅವೇಕನಿಂಗ್. ಮೂಲ ಆಟ 1993ರದ್ದು, ಸ್ವಿಚ್‌ಗೆ 2019ರಲ್ಲಿ ಹೊಸ ರೂಪದಲ್ಲಿ ಬಂತು. ಆಟ ಮುದ್ದಾಗಿದೆ, ಗೊಂಬೆಯಾಟದ ಹಾಗೆ. ಆದರೆ ಕಥೆ ನಡೆಯುವುದು ಕೊಹೊಲಿಂಟ್ ಎಂಬ ದ್ವೀಪದಲ್ಲಿ, ಹೈರೂಲ್‌ನಲ್ಲಿ ಅಲ್ಲ. ಅಲ್ಲಿ ಕ್ಯಾನಲೆಟ್ ಅಂತ ಒಂದು ಸಣ್ಣ ಕೋಟೆ ಇದೆ. ಅಳಿಯ ಅದನ್ನು ಎರಡು ದಿನ ಹೈರೂಲ್ ಕೋಟೆ ಅಂತಲೇ ತಿಳಿದುಕೊಂಡಿದ್ದ. ಆಮೇಲೆ ಫೋನ್ ಮಾಡಿ, "ಮಾವ, ಇಷ್ಟೇನಾ?" ಅಂದ.

ಸ್ಕೈವರ್ಡ್ ಸೋರ್ಡ್‌ನಲ್ಲೂ ಕೋಟೆ ಇಲ್ಲ. ಆ ಕಥೆ ರಾಜ್ಯ ಹುಟ್ಟುವುದಕ್ಕಿಂತ ಹಿಂದಿನದು, ಕೋಟೆ ಕಟ್ಟುವವರೇ ಇನ್ನೂ ಬಂದಿಲ್ಲ. 2000ದ ಮಜೋರಾಸ್ ಮಾಸ್ಕ್ ಬೇರೆಯೇ ಊರಿನ ಕಥೆ. 1986ರ ಮೊದಲ ಆಟದಲ್ಲೂ ನೀವು ಹೋಗುವ ಕೋಟೆ ಇಲ್ಲ, ಬರೀ ಕಾಡು, ಗುಹೆ, ಬೆಟ್ಟ. ಎಲ್ಲವೂ ಒಳ್ಳೆಯ ಆಟಗಳೇ. ಕೋಟೆಗಾಗಿ ತೆಗೆದುಕೊಂಡರೆ ಮಾತ್ರ ಮೋಸ.

ಮಳೆ, ಸುರಂಗ, ಚಿಕ್ಕಪ್ಪ

ಬೇಗ ಕೋಟೆಯೊಳಗೆ ಹೋಗಬೇಕು, ಕಾಯಲು ಆಗುವುದಿಲ್ಲ ಅನ್ನುವವರಿಗೆ 1991ರ ಎ ಲಿಂಕ್ ಟು ದ ಪಾಸ್ಟ್. ಮೇಲಿನಿಂದ ನೋಡುವ ಹಳೆಯ ಕಾಲದ ಚಿತ್ರ. ಮೂಲ ಕಾರ್ಟ್ರಿಜ್, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿ, ಬರೀ 1 ಎಂಬಿ. ಈಗ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಫೋಟೋ ಅಷ್ಟು ಇರುತ್ತದೆ.

ಆಟ ಶುರುವಾಗುವುದೇ ಜೋರು ಮಳೆಯ ರಾತ್ರಿ. ನಿದ್ದೆಯಲ್ಲಿ ರಾಜಕುಮಾರಿಯ ದನಿ ಕೇಳುತ್ತದೆ, ಕೋಟೆಯ ಸೆರೆಯಲ್ಲಿದ್ದೇನೆ ಅಂತ. ಚಿಕ್ಕಪ್ಪ ಆಗಲೇ ಕತ್ತಿ ಗುರಾಣಿ ಹಿಡಿದು ಹೊರಟಾಗಿದೆ, ನೀನು ಮನೆಯಲ್ಲೇ ಇರು ಅನ್ನುತ್ತಾನೆ. ಯಾರು ಇರುತ್ತಾರೆ? ದೀಪ ತೆಗೆದುಕೊಂಡು ಹಿಂದೆಯೇ ಹೋಗುತ್ತೀರಿ. ದಾರಿಗೆ ಅಡ್ಡ ನಿಂತ ಸಿಪಾಯಿಗಳು ಮನೆಗೆ ಹೋಗು ಮಗು ಅಂತ ಓಡಿಸುತ್ತಾರೆ. ಕೋಟೆಯ ಪೂರ್ವಕ್ಕೆ ಒಂದು ಪೊದೆ. ಅದನ್ನು ಎತ್ತಿದರೆ ಕೆಳಗೆ ಗುಂಡಿ, ಗುಂಡಿಯ ಒಳಗೆ ಕೋಟೆಗೆ ಹೋಗುವ ಗುಪ್ತ ದಾರಿ.

ನಮ್ಮ ಕಡೆಯ ಮಕ್ಕಳಿಗೆ ಸುರಂಗ ಹೊಸತಲ್ಲ. ಗುಡ್ಡದ ಬದಿಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ನಮ್ಮ ತೋಟದ ಮೇಲೂ ಇದೆ. ಒಳಗೆ ಬಾವಲಿ, ಕತ್ತಲೆ, ಪಾದಕ್ಕೆ ತಣ್ಣನೆ ನೀರು. ಆಟದಲ್ಲಿ ಸೆರೆಮನೆಯ ಕಾವಲುಗಾರನನ್ನು ಸೋಲಿಸಿ ಜೆಲ್ಡಾಳನ್ನು ಬಿಡಿಸಿದ ಮೇಲೆ, ಸಿಂಹಾಸನದ ಹಿಂದಿನ ಕಪಾಟನ್ನು ಪಕ್ಕಕ್ಕೆ ತಳ್ಳಿ ಚರಂಡಿಗೆ ಇಳಿಯುತ್ತೀರಿ. ಕೈಯಲ್ಲಿನ ದೀಪದಿಂದ ಎದುರು ಸ್ವಲ್ಪ ಮಾತ್ರ ಕಾಣುತ್ತದೆ, ಬದಿಗಳಲ್ಲಿ ಇಲಿಗಳ ಸದ್ದು. ಅಳಿಯ ಇದನ್ನು ಆಡಿದ್ದು ಜೂನ್ ತಿಂಗಳಲ್ಲಿ. ಕರೆಂಟ್ ಹೋಗಿತ್ತು. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಆಟದಲ್ಲೂ ಮಳೆ. ಅಕ್ಕ ಚಿಮಣಿ ತಂದಿಟ್ಟಳು. ಅವನು ತಲೆ ಎತ್ತಲಿಲ್ಲ.

ಇಷ್ಟೆಲ್ಲ ಮೊದಲ ಅರ್ಧ ಗಂಟೆಯಲ್ಲಿ ಆಗುತ್ತದೆ. ಮುಂದೆ ಅದೇ ಕೋಟೆಯ ಗೋಪುರಕ್ಕೆ ಇನ್ನೊಮ್ಮೆ ಹೋಗಬೇಕು, ಅಗಾನಿಮ್ ಎಂಬ ಮಾಂತ್ರಿಕನ ಎದುರಿಗೆ. ಅವನು ಎಸೆಯುವ ಮಂತ್ರದ ಉಂಡೆಯನ್ನು ಕತ್ತಿಯಿಂದ ಹೊಡೆದು ಅವನಿಗೇ ತಿರುಗಿಸಬೇಕು. ಕತ್ತಿಯೇ ಬೇಕಂತಿಲ್ಲ, ಹುಳ ಹಿಡಿಯುವ ಬಲೆಯಲ್ಲೂ ಆಗುತ್ತದೆ! ಆಮೇಲೆ ನೀವು ಹೋಗುವ ಕತ್ತಲ ಲೋಕದಲ್ಲಿ ಕೋಟೆ ಇದ್ದ ಜಾಗದಲ್ಲೇ ಒಂದು ಪಿರಮಿಡ್ ನಿಂತಿದೆ. ಎರಡು ನಕಾಶೆ ಹೋಲಿಸಿ ನೋಡುವ ಅಭ್ಯಾಸ ಇದ್ದವರಿಗೆ ಇದು ಹಬ್ಬ.

ತೊಂದರೆ ಏನೆಂದರೆ ಮುಂದಿನ ಭಾಗ ಕಷ್ಟ. ಹಳೆಯ ಆಟ, ಎಲ್ಲಿ ಹೋಗಬೇಕು ಅಂತ ಕೈ ಹಿಡಿದು ಹೇಳುವುದು ಕಡಿಮೆ. ಸ್ವಿಚ್‌ನಲ್ಲಿ ಇದು ಕಾರ್ಟ್ರಿಜ್ ಆಗಿ ಸಿಗುವುದಿಲ್ಲ, ಸ್ವಿಚ್ ಆನ್‌ಲೈನ್ ಚಂದಾ ಕಟ್ಟಿದರೆ ಹಳೆಯ ಸೂಪರ್ ನಿಂಟೆಂಡೊ ಆಟಗಳ ಜೊತೆಗೆ ಸಿಗುತ್ತದೆ.

ಅಂಗಳದ ತನಕ ಮಾತ್ರ

1998ರ ಒಕರೀನಾ ಆಫ್ ಟೈಮ್‌ನ ಹೆಸರು ಕೇಳದವರಿಲ್ಲ. ನನ್ನ ವಯಸ್ಸಿನವರು ಇದನ್ನೇ ಮೊದಲು ಹೇಳುತ್ತಾರೆ. ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ. ಕೋಟೆಯ ಹೊರಗೆ ಪೇಟೆ ಇದೆ, ಸಂಜೆಯಾದರೆ ಪೇಟೆಯ ಎತ್ತುಸೇತುವೆ ಮೇಲೇಳುತ್ತದೆ. ಆಟದ ಸೊಗಸೆಲ್ಲ ಕದ್ದು ಒಳಗೆ ಹೋಗುವುದರಲ್ಲಿದೆ. ಬಳ್ಳಿ ಹಿಡಿದು ಹತ್ತು, ಕಾವಲುಗಾರನ ಬೆನ್ನ ಹಿಂದೆ ಓಡು, ಕಂದಕದ ಪಕ್ಕ ಮಲಗಿದ ಹಾಲಿನವನನ್ನು ಕೋಳಿ ಕೂಗಿಸಿ ಎಬ್ಬಿಸು, ಅವನ ಪೆಟ್ಟಿಗೆಗಳನ್ನು ತಳ್ಳಿ ನೀರು ಹೋಗುವ ತೂತಿನಲ್ಲಿ ನುಸುಳು. ಸಿಕ್ಕಿಬಿದ್ದರೆ ಸಿಪಾಯಿ ಹೊರಗೆ ಬಿಟ್ಟುಬರುತ್ತಾನೆ, ಮತ್ತೆ ಮೊದಲಿನಿಂದ. ಮದುವೆ ಮನೆಯ ಉಗ್ರಾಣಕ್ಕೆ ಲಾಡು ಕದಿಯಲು ಹೋಗುತ್ತಿದ್ದೆವಲ್ಲ, ಅದೇ ಎದೆಬಡಿತ.

ಅಷ್ಟೆಲ್ಲ ಮಾಡಿ ತಲುಪುವುದು ಒಂದು ಅಂಗಳಕ್ಕೆ. ಜೆಲ್ಡಾ ಕಿಟಕಿಯಲ್ಲಿ ಇಣುಕುತ್ತಿರುತ್ತಾಳೆ, ನೀವೂ ಇಣುಕುತ್ತೀರಿ, ಗ್ಯಾನನ್‌ಡಾರ್ಫ್, ಅಂದರೆ ಮನುಷ್ಯ ರೂಪದ ಗ್ಯಾನನ್, ಕಾಣುತ್ತಾನೆ. ಬಣ್ಣದ ವೇಷದ ಒಡ್ಡೋಲಗ ಅಂದರೆ ಅದು. ಪಕ್ಕದ ಕಿಟಕಿಯೊಳಗೆ ಮಾರಿಯೋನ ಪಟ ತೂಗುಹಾಕಿದ್ದಾರೆ, ನೋಡಲು ಮರೆಯಬೇಡಿ. ಆದರೆ ಕೋಟೆಯ ಒಳಕೋಣೆಗಳಿಗೆ ನೀವು ಕಾಲಿಡುವುದೇ ಇಲ್ಲ. ಏಳು ವರ್ಷ ದಾಟಿ ಮತ್ತೆ ಬಂದಾಗ ಆ ಕೋಟೆ ಇರುವುದಿಲ್ಲ. ಲಾವಾದ ಮೇಲೆ ತೇಲುವ ಗ್ಯಾನನ್‌ನ ಕೋಟೆ ಇದೆ, ಹೋಗಲು ಕಾಮನಬಿಲ್ಲಿನ ಸೇತುವೆ ಬೇಕು. ಪೇಟೆಯಲ್ಲಿ ಜನರ ಬದಲು ಹೆಣಗಳು ನಿಂತಿರುತ್ತವೆ. ಸಣ್ಣ ಮಕ್ಕಳು ಅಲ್ಲಿ ಹೆದರುತ್ತಾರೆ, ನಾನೂ ಹೆದರಿದ್ದೆ. ಕೊನೆಗೆ ಆ ಗೋಪುರ ಕುಸಿಯುವಾಗ 3 ನಿಮಿಷದೊಳಗೆ ಇಳಿದು ಓಡಬೇಕು.

ಕದ್ದು ನುಗ್ಗುವ ಖುಷಿ ಬೇಕಾದರೆ ಇದನ್ನು ಆರಿಸಿ. ಕೋಟೆ ಸುತ್ತಾಡಬೇಕು ಅನ್ನುವವರಿಗೆ ಬೇಡ. ಇದಕ್ಕೂ ಚಂದಾ ಬೇಕು, ಅದೂ ಜಾಸ್ತಿ ದುಡ್ಡಿನ ಎಕ್ಸ್‌ಪಾನ್ಶನ್ ಪ್ಯಾಕ್.

ಸಮುದ್ರದ ಅಡಿಯಲ್ಲಿ

ವಿಂಡ್ ವೇಕರ್ ಜಪಾನಿನಲ್ಲಿ ಬಂದದ್ದು 2002ರ ಕೊನೆಗೆ. ಇಲ್ಲಿ ಹೈರೂಲ್ ಅಷ್ಟೂ ಸಮುದ್ರದಲ್ಲಿ ಮುಳುಗಿದೆ, ಕೋಟೆ ತಳದಲ್ಲಿದೆ. ದೋಣಿಯಲ್ಲಿ ತಿರುಗಿ ತಿರುಗಿ ಕೊನೆಗೆ ಇಳಿದು ಬಾಗಿಲು ತೆಗೆದರೆ ಎಲ್ಲ ಕಪ್ಪು ಬಿಳುಪು. ರಾಕ್ಷಸರು ಎತ್ತಿದ ಕೈ ಎತ್ತಿದ ಹಾಗೆ ನಿಂತಿದ್ದಾರೆ, ಹಳೆಯ ಫೋಟೋದ ಒಳಗೆ ಹೊಕ್ಕ ಹಾಗೆ. ಸದ್ದಿಲ್ಲ. ನಡುವೆ ಒಬ್ಬ ವೀರನ ಪ್ರತಿಮೆ. ಅದರ ಮುಂದಿನ ಮೂರು ತ್ರಿಕೋನದ ಕಲ್ಲುಗಳನ್ನು ಸರಿಯಾಗಿ ಜೋಡಿಸಿದರೆ ನೆಲಮಾಳಿಗೆಗೆ ಮೆಟ್ಟಿಲು ತೆರೆಯುತ್ತದೆ. ಅಲ್ಲಿ ಕತ್ತಿ ಕಿತ್ತ ಕ್ಷಣ ಬಣ್ಣ ಮರಳುತ್ತದೆ, ನಿಂತಿದ್ದ ರಾಕ್ಷಸರೂ ಎಚ್ಚರವಾಗುತ್ತಾರೆ.

ಕೋಟೆಯಲ್ಲಿ ಕಳೆಯುವ ಹೊತ್ತು ಕಡಿಮೆ. ಆದರೂ ಇಷ್ಟು ವರ್ಷವಾದ ಮೇಲೂ ನನಗೆ ಕಣ್ಣಿಗೆ ಕಟ್ಟಿದ ಹಾಗಿರುವುದು ಆ ಕಪ್ಪು ಬಿಳುಪು ಪಡಸಾಲೆ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಸಮುದ್ರ ನೋಡಿಯೇ ಬೆಳೆದವರಿಗೆ ಈ ಆಟ ಬೇಗ ಒಗ್ಗುತ್ತದೆ. ಸ್ವಿಚ್ 2 ಇದ್ದರೆ ಎಕ್ಸ್‌ಪಾನ್ಶನ್ ಪ್ಯಾಕ್ ಚಂದಾದಲ್ಲಿ 2025ರ ಜೂನ್‌ನಿಂದ ಸಿಗುತ್ತಿದೆ. ಹಳೆಯ ಸ್ವಿಚ್‌ಗೆ ಅದು ಇಲ್ಲ.

2006ರ ಟ್ವೈಲೈಟ್ ಪ್ರಿನ್ಸೆಸ್‌ನಲ್ಲಿ ನೀವು ತೋಳನಾಗಿ ಸೆರೆಮನೆಯಲ್ಲಿ ಎಚ್ಚರಗೊಳ್ಳುತ್ತೀರಿ, ಕಾಲಿಗೆ ಸರಪಳಿ. ಅಲ್ಲಿಂದ ಚರಂಡಿ, ಸುತ್ತು ಮೆಟ್ಟಿಲು, ಕೋಟೆಯ ಮಾಡು. ಕೊನೆಗೆ ಅದೇ ಕೋಟೆ ದೊಡ್ಡ ರಣರಂಗವಾಗುತ್ತದೆ. ಕತ್ತಲೆ, ಗಂಭೀರ, ದೊಡ್ಡವರಿಗೆ ಹೇಳಿದ್ದು. ಗೇಮ್‌ಕ್ಯೂಬ್, ವೈ, ಆಮೇಲೆ 2016ರಲ್ಲಿ ವೈ ಯು ಯಂತ್ರಗಳಿಗೆ ಬಂದ ಆಟ. ಯಾರ ಮನೆಯಲ್ಲಾದರೂ ಹಳೆಯ ಯಂತ್ರ ಇದ್ದರೆ ನೋಡಿ, ಇದೊಂದಕ್ಕಾಗಿ ಹುಡುಕಿಕೊಂಡು ಹೋಗುವುದು ಬೇಡ.

ಎಲ್ಲಿಂದ ನೋಡಿದರೂ ಕಾಣುವ ಕೋಟೆ

ಈಗ ನನ್ನ ಪಕ್ಷಪಾತ. 2017ರ ಬ್ರೆತ್ ಆಫ್ ದ ವೈಲ್ಡ್.

ಆಟ ಶುರುವಾಗಿ ಗುಹೆಯಿಂದ ಹೊರಗೆ ಓಡಿ ಬಂದು ಬಂಡೆಯ ತುದಿಯಲ್ಲಿ ನಿಂತರೆ ದೂರದಲ್ಲಿ ಕೋಟೆ ಕಾಣುತ್ತದೆ. ಸುತ್ತ ಕೆಂಪು ಕಪ್ಪು ಹೊಗೆ. ಅದರ ಒಳಗೆ ಜೆಲ್ಡಾ 100 ವರ್ಷದಿಂದ ಗ್ಯಾನನ್‌ನನ್ನು ತಡೆದು ಹಿಡಿದಿದ್ದಾಳೆ. ಮೊದಲ ದಿನ್ನೆಯಿಂದ ಇಳಿಯಲು ಹಾರುಬಟ್ಟೆ ಸಿಕ್ಕಿತೋ, ಆಮೇಲೆ ನಿಮ್ಮನ್ನು ತಡೆಯುವವರಿಲ್ಲ. ಬೇಕಾದರೆ ನೆಟ್ಟಗೆ ಕೋಟೆಗೆ ನಡೆಯಬಹುದು. ಅರ್ಧ ಗಂಟೆಯೊಳಗೆ ಇಡೀ ಆಟ ಮುಗಿಸುವ ಶೂರರಿದ್ದಾರೆ. ನೀವು, ನಾನು ಹಾಗೆ ಹೋದರೆ ಸೇತುವೆ ದಾಟುವುದರೊಳಗೆ ಗಾರ್ಡಿಯನ್ ಯಂತ್ರಗಳ ಒಂದು ಕಿರಣಕ್ಕೆ ಬೂದಿ. ಅಳಿಯ ಮೊದಲ ದಿನವೇ 11 ಸಲ ಸತ್ತ, ಲೆಕ್ಕ ಇಟ್ಟಿದ್ದ.

ದಾರಿ ಒಂದಲ್ಲ ಅನ್ನುವುದೇ ಇದರ ದೊಡ್ಡ ಗುಣ. ಮುಂಬಾಗಿಲಿನಿಂದ ಗುದ್ದಾಡುತ್ತಾ ಹೋಗಬಹುದು. ಹಿಂದಿನಿಂದ ಕಂದಕದ ನೀರಿನಲ್ಲಿ ಈಜಿ ದೋಣಿಕಟ್ಟೆಗೆ ಹೋಗಬಹುದು. ಜೋರಾ ಎಂಬ ಮೀನಿನಂಥ ಜನರ ಅಂಗಿ ಹಾಕಿದ್ದರೆ ಜಲಪಾತವನ್ನೇ ಏರಬಹುದು. ಸುಮ್ನೆ ಗೋಡೆ ಹತ್ತಬಹುದು, ಮಳೆ ಬಾರದಿದ್ದರೆ. ಮಳೆ ಬಂದರೆ ಈ ಆಟದಲ್ಲಿ ಕಾಲು ಜಾರುತ್ತದೆ, ಜೂನ್ ತಿಂಗಳ ಮುರಕಲ್ಲಿನ ಹಾಗೆ. ಗುಡುಗಿದಾಗ ಮೈಮೇಲೆ ಕಬ್ಬಿಣದ ಕತ್ತಿ ಇದ್ದರೆ ಸಿಡಿಲು ಬಡಿಯುತ್ತದೆ. ತುಲಾ ತಿಂಗಳ ಸಿಡಿಲಿಗೆ ಎರಡು ಸಲ ಮೋಡೆಮ್ ಸುಟ್ಟುಕೊಂಡ ನಮ್ಮ ಮನೆಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿ ಬರಲಿಲ್ಲ.

ಒಳಗೆ ಹೋದ ಮೇಲೆ ಗ್ಯಾನನ್ ಕಡೆಗೆ ಓಡಬೇಡಿ. ಇಲ್ಲಿ ಅಡುಗೆಯ ಪುಸ್ತಕ ಇಟ್ಟ ಗ್ರಂಥಾಲಯ ಇದೆ, ಅದರಲ್ಲಿ ಅರಮನೆಯ ಹಣ್ಣಿನ ಕೇಕಿನ ಪಾಕ ಬರೆದಿದೆ, ಆಟದಲ್ಲೇ ಮಾಡಿ ತಿನ್ನಬಹುದು. ಸೆರೆಮನೆಯಲ್ಲಿ ಒಂದು ದೈತ್ಯ ಅಸ್ಥಿಪಂಜರ ಮಲಗಿದೆ, ಅದನ್ನು ಸೋಲಿಸಿದರೆ ಹೈಲಿಯನ್ ಗುರಾಣಿ. ಹೊರಗಿನ ಗೋಡೆಯ ಮೇಲೆ ನಡೆಯುವಾಗ ಸಂಗೀತ ಅಬ್ಬರದ್ದು. ಕೋಣೆಯೊಳಗೆ ಕಾಲಿಟ್ಟರೆ ಅದೇ ರಾಗ ತಗ್ಗುತ್ತದೆ. ಬಾಗಿಲಲ್ಲಿ ಆಚೆ ಈಚೆ ನಡೆದು ನಾನು ಇದನ್ನೇ ಎಷ್ಟೋ ಹೊತ್ತು ಕೇಳಿದ್ದೇನೆ.

ಜೆಲ್ಡಾಳ ಕೋಣೆಯಲ್ಲಿ ಅವಳ ಡೈರಿ ಇದೆ. ಶಕ್ತಿ ಬರಲಿಲ್ಲ ಅಂತ ಅಪ್ಪನಿಂದ ಬೈಸಿಕೊಂಡ ಮಗಳ ಡೈರಿ. ಗ್ರಂಥಾಲಯದ ಒಂದು ಕಪಾಟಿನ ಹಿಂದೆ ರಾಜನ ಗುಪ್ತ ಕೋಣೆ, ಅಲ್ಲಿ ಅವನದ್ದೂ ಒಂದು ಡೈರಿ. ಬೈದ ಅಪ್ಪ ಒಳಗೊಳಗೆ ಏನು ಯೋಚಿಸುತ್ತಿದ್ದ ಅಂತ ಅದರಲ್ಲಿದೆ. ಎರಡನ್ನೂ ಒಂದೇ ದಿನ ಓದಿ, ಮೊದಲು ಮಗಳದ್ದು, ಆಮೇಲೆ ಅಪ್ಪನದ್ದು. ಬೇಕಲದಲ್ಲಿ ಹುಡುಗ ಕೇಳಿದ್ದು ಇದನ್ನೇ ಅಂತ ನನಗೆ ಆಮೇಲೆ ಅನ್ನಿಸಿತು. ಗೋಡೆ, ತೂತು, ಬುರುಜು ಎಲ್ಲ ಸರಿ, ಇಲ್ಲಿ ಯಾರು ಊಟ ಮಾಡಿದರು, ಯಾರು ಸಿಟ್ಟು ಮಾಡಿಕೊಂಡು ಮಲಗಿದರು?

ಎಚ್ಚರಿಕೆಯೂ ಇದೆ. ಇದು ತುಂಬಾ ಉದ್ದದ ಆಟ. ಡೌನ್‌ಲೋಡ್ ಮಾಡುವುದಾದರೆ ಸುಮಾರು 14 ಜಿಬಿ, ನಮ್ಮ ಗುಡ್ಡದ ಮೇಲಿನ ನೆಟ್‌ವರ್ಕಿಗೆ ಅದು ಮೂರು ದಿನದ ಕೆಲಸ. ಕಾರ್ಟ್ರಿಜ್ ತನ್ನಿ. ಇಂಟರ್ನೆಟ್ ಇಲ್ಲದೆ ನಡೆಯುತ್ತದೆ, ಮುಗಿದ ಮೇಲೆ ಮಾರಬಹುದು. ಮೊದಲು ಬಂದ ಸ್ವಿಚ್‌ನ ಬ್ಯಾಟರಿ ಈ ಆಟಕ್ಕೆ ಸುಮಾರು 3 ಗಂಟೆ ಬರುತ್ತದೆ, 2019ರ ಮಾದರಿಯದ್ದು ಐದೂವರೆ ಗಂಟೆ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು, ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಿನವರು ಇದನ್ನು ಕೇಳಿಯೇ ಕೊಳ್ಳಿ. ಗ್ಯಾನನ್ ವಶ ಮಾಡಿಕೊಂಡ ನಾಲ್ಕು ದೈವಮೃಗಗಳನ್ನು, ಅಂದರೆ ಪ್ರಾಣಿಯಾಕಾರದ ದೈತ್ಯ ಯಂತ್ರಗಳನ್ನು, ಬಿಡಿಸಿಕೊಂಡು ಹೋದರೆ ಗ್ಯಾನನ್‌ನ ಅರ್ಧ ಬಲ ಮೊದಲೇ ಇಳಿಯುತ್ತದೆ. ಅವಸರ ಬೇಡ.

ಮುಂದಿನ ಕಥೆ ಟಿಯರ್ಸ್ ಆಫ್ ದ ಕಿಂಗ್ಡಮ್, 2023ರದ್ದು. ಇದರಲ್ಲಿ ಅದೇ ಕೋಟೆ ಬುಡಸಮೇತ ಎದ್ದು ಆಕಾಶದಲ್ಲಿ ತೇಲುತ್ತದೆ, ಕೆಳಗೆ ದೊಡ್ಡ ಕಂದರ. ಆಟ ಆರಂಭವಾಗುವುದೂ ಆ ಕೋಟೆಯ ಅಡಿಯ ಸುರಂಗದಲ್ಲೇ. ಹಳೆಯ ಕೋಣೆಗಳು ಹಾಗೇ ಇವೆ, ಪರಿಚಯದ ಮನೆಗೆ ಬಹಳ ವರ್ಷ ಬಿಟ್ಟು ಹೋದ ಹಾಗೆ ಅನ್ನಿಸುತ್ತದೆ. ಆದರೆ ಆ ಪರಿಚಯ ಇಲ್ಲದವರಿಗೆ ಅರ್ಧ ರುಚಿ. ಇದನ್ನು ಎರಡನೆಯದಾಗಿ ಆಡಿ, ಮೊದಲನೆಯದಾಗಿ ಬೇಡವೇ ಬೇಡ.

ಸಣ್ಣವರಿಗೆ, ಮತ್ತು ರಾಜಕುಮಾರಿಯೇ ಆಗಬೇಕು ಅನ್ನುವವರಿಗೆ

ಅಳಿಯನ ತಂಗಿ ಮೂರನೇ ಕ್ಲಾಸು. ಅವಳ ತಕರಾರು ಬೇರೆ: "ಜೆಲ್ಡಾ ಯಾಕೆ ಯಾವಾಗಲೂ ಜೈಲಲ್ಲೇ ಇರುವುದು?" ಸರಿಯಾದ ಪ್ರಶ್ನೆ ಅಲ್ವಾ? ಅವಳಿಗೆ 2024ರ ಎಕೋಸ್ ಆಫ್ ವಿಸ್ಡಮ್. ಇಲ್ಲೂ ಜೆಲ್ಡಾ ಬೇಗ ಜೈಲಿಗೆ ಬೀಳುತ್ತಾಳೆ, ಅದೂ ತನ್ನದೇ ಕೋಟೆಯಲ್ಲಿ. ಆದರೆ ಬಿಡಿಸಲು ಯಾರೂ ಬರುವುದಿಲ್ಲ, ಅವಳೇ ಹೊರಗೆ ಬರಬೇಕು. ಕೋಲು ಬೀಸಿ ಮೇಜಿನ ನಕಲು ಮಾಡುವುದು, ಮೇಜಿನ ಮೇಲೆ ಮೇಜು ಇಟ್ಟು ಹತ್ತುವುದು, ಕಾವಲುಗಾರ ಬಂದರೆ ಮಡಕೆಯೊಳಗೆ ಅವಿತುಕೊಳ್ಳುವುದು. ಹುಡುಗಿ ಮೊದಲ ಸಂಜೆಯೇ ಜೈಲು ದಾಟಿದಳು, ಅಣ್ಣನಿಗೆ ಹೊಟ್ಟೆಕಿಚ್ಚು. ಓದಲು ಬರುವ ಮಗುವಾದರೆ ಸಾಕು, ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ, ಮೊದಮೊದಲು ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಗುತ್ತದೆ. ಇದಕ್ಕೂ ಕಾರ್ಟ್ರಿಜ್ ಇದೆ.

2004ರ ಮಿನಿಶ್ ಕ್ಯಾಪ್ ಕೂಡ ಮಕ್ಕಳಿಗೆ ಹಿಡಿಸುತ್ತದೆ. ಇರುವೆಯಷ್ಟು ಚಿಕ್ಕವರಾಗಿ ಪೇಟೆ ಸುತ್ತುವ ಆಟ. ಕೋಟೆಯ ದೊಡ್ಡ ಪಾತ್ರ ಬರುವುದು ಕೊನೆಯಲ್ಲಿ, ಅಷ್ಟು ಹೊತ್ತಿಗೆ ಆಟ ಕಷ್ಟವಾಗಿರುತ್ತದೆ.

ಹಾಗಾದರೆ ಒಂದೇ ಡಬ್ಬ ತರುವುದಾದರೆ? ಹತ್ತು ವರ್ಷ ದಾಟಿದವರಿಗೆ ಬ್ರೆತ್ ಆಫ್ ದ ವೈಲ್ಡ್, ಅದಕ್ಕಿಂತ ಚಿಕ್ಕವರಿಗೆ ಎಕೋಸ್. ಚಂದಾ ಹೇಗೂ ಕಟ್ಟುವವರಿದ್ದರೆ ಮೊದಲು ಲಿಂಕ್ ಟು ದ ಪಾಸ್ಟ್‌ನ ಆ ಮಳೆಯ ರಾತ್ರಿಯನ್ನಾದರೂ ಆಡಿ. ಭಾವನಿಗೆ ಈ ಸಲ ಹೆಸರು ಬರೆದು, ಡಬ್ಬದ ಫೋಟೋ ಸಮೇತ ಕಳಿಸಿದೆ. ಸರಿಯಾದದ್ದೇ ಬಂತು.

ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್. "ಮಾವ, ಗ್ರಂಥಾಲಯಕ್ಕೆ ಬಂದೆ. ಕಪಾಟು ತಳ್ಳಿದರೆ ಅಲುಗುವುದೇ ಇಲ್ಲ."

"ತಳ್ಳಬೇಡ, ಅದು ಕಬ್ಬಿಣದ್ದು. ಆ ಆಯಸ್ಕಾಂತದ ಶಕ್ತಿ ಇದೆಯಲ್ಲ, ಮ್ಯಾಗ್ನೆಸಿಸ್, ಅದನ್ನು ಹಾಕಿ ಎಳೆ."

"ಹಾಂ... ಬಂತು ಬಂತು. ಒಳಗೆ ಮೇಜಿನ ಮೇಲೆ ಪುಸ್ತಕ ಇದೆ."

"ಮಗಳದ್ದು ಓದಿ ಆಯಿತಾ?"

"ಇಲ್ಲ."

"ಹಾಗಾದರೆ ಅದನ್ನು ಅಲ್ಲೇ ಬಿಡು. ಮೊದಲು ಮೇಲೆ ಹೋಗು."